ತಡೀರಮ್ಮನ ಎಣಿಕೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಾಯುವುದೆಂದರೆ ಆಗದು. ರೈಲ್ವೆ ಗೇಟು ಬಿದ್ದರೆ ಮೈ ಉರಿಯುತ್ತದೆ. ಒಲೆಯ ಮೇಲಿಟ್ಟ ಹಾಲನ್ನು ಮೂರು ಸಲ ಇಣುಕಿ ನೋಡಿ ಹೆಂಡತಿಯಿಂದ ಬೈಸಿಕೊಳ್ಳುವ ಗಿರಾಕಿ ನಾನು. ತಾಳಿದವನು ಬಾಳಿಯಾನು ಎಂದು ಗಾದೆ ಕಟ್ಟಿದ ಮಹಾನುಭಾವ ಒಂದು ದಿನವೂ ಗಾಡಿ ಓಡಿಸಿರಲಿಕ್ಕಿಲ್ಲ. ಇಂಥವನನ್ನು ಹನ್ನೊಂದು ವರ್ಷ ತಡೀರಮ್ಮನ ಜೊತೆ ಕೆಲಸಕ್ಕೆ ಹಾಕಿದರಲ್ಲ, ಹಾಕಿದವರಿಗೆ ತಮಾಷೆ ನೋಡುವ ಚಪಲ ಇದ್ದಿರಬೇಕು.

ಮುಂದಿನ ತಿಂಗಳು ಅವರಿಗೆ ನಿವೃತ್ತಿ. ಸಮಾರಂಭವಂತೆ, ಶಾಲು ಹೊದಿಸುತ್ತಾರಂತೆ, ಭಾಷಣವೂ ಉಂಟಂತೆ. ಭಾಷಣ ಮಾಡುವವರು ಯಾರೂ ಆ ಉಪ್ಪಿನ ಕಥೆ ಹೇಳುವುದಿಲ್ಲ, ಏಕೆಂದರೆ ಅದು ಪೂರ್ತಿ ಗೊತ್ತಿರುವುದು ನಮ್ಮ ಮೂರು ಜನಕ್ಕೆ. ಅದರಲ್ಲಿ ನನ್ನ ಮಾನ ಹೋಗುವ ಭಾಗವೂ ಇದೆ. ಇರಲಿ, ಹೋದ ಮಾನ ಹೋಗಿ ಆಗಲೇ ಆರು ವರ್ಷವಾಯಿತು.

ನಮ್ಮದು ಆಸ್ಪತ್ರೆಯ ನೇತ್ರಬ್ಯಾಂಕು. ತೀರಿಕೊಂಡವರ ಮನೆಯಿಂದ ಫೋನ್ ಬಂದರೆ ನಾನು ಗಾಡಿ ತೆಗೆಯುತ್ತೇನೆ, ತಡೀರಮ್ಮ ಪೆಟ್ಟಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಅವರು ಟೆಕ್ನಿಷಿಯನ್. ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಹೊದಿಕೆ ಇದೆಯಲ್ಲ, ಕಾರ್ನಿಯಾ ಎನ್ನುತ್ತಾರೆ, ಅದನ್ನು ತೆಗೆದು ಗುಲಾಬಿ ಬಣ್ಣದ ದ್ರಾವಣವಿರುವ ಪುಟ್ಟ ಸೀಸೆಯಲ್ಲಿ ಇಡುವುದು, ಇನ್ನೊಬ್ಬರ ಕಣ್ಣಿಗೆ ಹಾಕಲು ಅದು ಯೋಗ್ಯವೋ ಅಲ್ಲವೋ ಎಂದು ಪರೀಕ್ಷಿಸಿ ಬರೆದುಕೊಡುವುದು ಅವರ ಕೆಲಸ. ಅವರ ಸಹಿ ಇಲ್ಲದ ಸೀಸೆಯನ್ನು ಯಾವ ಡಾಕ್ಟರೂ ಮುಟ್ಟುವುದಿಲ್ಲ.

ತಡೀರಮ್ಮ ಎಂಬ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಸರಿಯಾಗಿಯೇ ಇಟ್ಟಿದ್ದಾರೆ. ಅವರ ಬಾಯಿಗೆ ಮೊದಲು ಬರುವ ಮಾತೇ ‘ತಡೀರಿ’. ಬಾಗಿಲು ತಟ್ಟಿದರೆ ತಡೀರಿ, ಫೋನ್ ಹೊಡೆದುಕೊಂಡರೆ ತಡೀರಿ, ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಗಡಿಯಾರ ನೋಡುತ್ತಾ ಮೆಟ್ಟಿಲಿಳಿದು ಬಂದರೂ ತಡೀರಿ. ಮೆಟ್ಟಿಲ ಕೆಳಗೆ ಒಂದು ಬೆಕ್ಕಿತ್ತು. ಅದು ಹಾಲಿಗೆಂದು ಬಂದು ಕಾಲಿಗೆ ಸುತ್ತಿಕೊಂಡರೆ ಅದಕ್ಕೂ ತಡೀರಿ. ಬೆಕ್ಕಿಗೆ ಬಹುವಚನ ಕೊಡುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಇಪ್ಪತ್ತನೇ ವಯಸ್ಸಿನಲ್ಲಿ ಅವರು ಈ ಆಸ್ಪತ್ರೆಗೆ ಬಂದದ್ದು ನೆಲ ಒರೆಸಲಿಕ್ಕೆ. ಆಗಿದ್ದ ಹಳೆಯ ಟೆಕ್ನಿಷಿಯನ್ ಒಂದು ದಿನ ಯಂತ್ರದ ಪರದೆ ಆರಿಸದೆ ಊಟಕ್ಕೆ ಹೋಗಿದ್ದರಂತೆ. ಪರದೆಯ ಮೇಲೆ ಕಾರ್ನಿಯಾದ ಹಿಂಬದಿಯ ಜೀವಕೋಶಗಳು, ಆರು ಮೂಲೆಯವು, ಒಂದಕ್ಕೊಂದು ಕೂಡಿಸಿಟ್ಟಂತೆ. ನೆಲ ಒರೆಸುವವರ ಕಣ್ಣಿಗೆ ಅದು ನೆಲವಾಗಿಯೇ ಕಂಡಿತು. ಹಳಬರು ಊಟ ಮುಗಿಸಿ ಬಂದಾಗ, ಸರ್, ಈ ನೆಲದಲ್ಲಿ ನಾಲ್ಕು ಹೆಂಚು ಎದ್ದು ಹೋಗಿದೆ, ಪಕ್ಕದ ಹೆಂಚುಗಳು ಅಗಲವಾಗಿ ಜಾಗ ಮುಚ್ಚಿಕೊಂಡಿವೆ ಎಂದರಂತೆ. ಮುದುಕರು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟು ಕುರ್ಚಿ ಎಳೆದು ಕೂರಿಸಿದರು. ಆ ಹಳಬರಿಗೆ ಅದು ಕಾಣಲು ಮೂರು ವರ್ಷ ಬೇಕಾಗಿತ್ತಂತೆ. ಅಲ್ಲಿಂದ ಸಂಜೆ ತರಗತಿ, ಪರೀಕ್ಷೆ, ಎರಡು ಸಲ ಡುಮ್ಕಿ, ಮೂರನೆಯ ಸಲ ಪಾಸು. ಮೋಟರ್ ರಿಪೇರಿ ಮಾಡುವ ಗಂಡ, ಎರಡು ಸಲ ಫೇಲಾದಾಗಲೂ, ಸುಟ್ಟ ಮೋಟರಿಗೂ ಮತ್ತೆ ತಂತಿ ಸುತ್ತುತ್ತೀವಲ್ಲ, ಓದು ಅಂದರಂತೆ.

ಸಾವಿನ ಮನೆಗೆ ಹೋದಾಗ ಅವರದೊಂದು ಪದ್ಧತಿ. ಪೆಟ್ಟಿಗೆ ತೆರೆಯುವ ಮೊದಲು ಮನೆಯವರ ಪಕ್ಕದಲ್ಲಿ ಕೂತು, ಇವರಿಗೆ ಏನು ನೋಡುವುದೆಂದರೆ ಇಷ್ಟ ಇತ್ತು ಎಂದು ಕೇಳುತ್ತಾರೆ. ಅಳುತ್ತಿದ್ದವರು ತಬ್ಬಿಬ್ಬಾಗಿ ಯೋಚನೆ ಮಾಡತೊಡಗುತ್ತಾರೆ. ಒಬ್ಬರು ಬೆಳಗಿನ ಪೇಪರು ಅಂದರು. ಒಬ್ಬ ಅಜ್ಜಿ, ನಮ್ಮ ಯಜಮಾನರಿಗೆ ಬೇರೆಯವರು ಕಟ್ಟಿಸ್ತಾ ಇರೋ ಮನೆ ನೋಡೋದು ಅಂದರೆ ಪ್ರಾಣ, ತಾವು ಮಾತ್ರ ಒಂದು ಗೋಡೆ ಎಬ್ಬಿಸಲಿಲ್ಲ ಎಂದು ಅಳುವಿನ ನಡುವೆಯೇ ನಕ್ಕುಬಿಟ್ಟರು. ತಡೀರಮ್ಮ ಎಲ್ಲವನ್ನೂ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಹೊರಗೆ ಗಾಡಿಯ ಸ್ಟಿಯರಿಂಗ್ ಮೇಲೆ ಬೆರಳು ಕುಟ್ಟುತ್ತಾ ನಾನು ಅವರಿಗೆ ಎಷ್ಟು ಶಾಪ ಹಾಕಿದ್ದೇನೋ ಲೆಕ್ಕವಿಲ್ಲ.

ಇನ್ನು ನಮ್ಮಕ್ಕನ ವಿಷಯ. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನೈದು. ಹೊಟ್ಟೆ ಬಟ್ಟೆ ಕಟ್ಟಿ ನನ್ನನ್ನು ಸಾಕಿದವಳು ಅವಳೇ. ಬಟ್ಟೆ ಅಂಗಡಿಗಳಿಗೆ ಶರ್ಟಿನ ಕಾಜಾ ಮಾಡಿ ಗುಂಡಿ ಹೊಲಿದುಕೊಡುವುದು ಅವಳ ಕೆಲಸ. ಎಡಗಣ್ಣು ಚಿಕ್ಕಂದಿನಲ್ಲೇ ಪೆಟ್ಟು ಬಿದ್ದು ಹೋಗಿತ್ತು. ಬಲಗಣ್ಣಿಗೆ ಎಲ್ಲೋ ಒಂದು ಕಡೆ ಆಪರೇಷನ್ ಆಗಿ, ಆಮೇಲೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಬೆಳಿಗ್ಗೆ ಎದ್ದರೆ ಎದುರಿಗೆ ಬರೀ ಮಂಜು. ನಾನು ಬಂದರೂ ಕೆಮ್ಮಿನಿಂದ ಗುರುತು ಹಿಡಿಯುತ್ತಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಸ್ವಲ್ಪ ತಿಳಿಯಾಗುತ್ತಿತ್ತು, ಆಗ ಸೂಜಿ ಹಿಡಿಯುತ್ತಿದ್ದಳು, ದಾರ ಪೋಣಿಸಲು ಮಾತ್ರ ಪಕ್ಕದ ಮನೆಯವರೇ ಆಗಬೇಕು. ಡಾಕ್ಟರು ಬರೆದುಕೊಟ್ಟ ಹನಿ ಬೇರೆ, ಬಿಟ್ಟರೆ ಕಣ್ಣು ಉರಿದು ನೀರು ಧಾರಾಕಾರ. ಒಂದು ದಿನ ತುಟಿಗೆ ಹರಿದದ್ದನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಇದು ಉಪ್ಪು ನೀರು ಕಣೋ, ಇದಕ್ಕೂ ದುಡ್ಡು ತಗೋತಾರಾ ಎಂದಳು.

ಕೋಪ ಬಂತು. ಆ ಹನಿಯ ಸೀಸೆ ಹಿಡಿದುಕೊಂಡು ಹೋಗಿ ತಡೀರಮ್ಮನ ಮೇಜಿನ ಮೇಲೆ ಕುಕ್ಕಿದೆ. ಅವರು ಅದನ್ನು ನೋಡಿ, ತಡೀರಿ, ಇಲ್ಲಿ ಬನ್ನಿ ಎಂದು ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು. ನಮ್ಮ ನೇತ್ರಬ್ಯಾಂಕು ಇರುವುದು ನೆಲಮಾಳಿಗೆಯಲ್ಲಿ. ಗೋಡೆಯಿಂದ ವರ್ಷವಿಡೀ ನೀರು ಜಿನುಗುತ್ತದೆ. ಮೂಲೆಯ ಗುಂಡಿಯಲ್ಲಿ ಒಂದು ಪಂಪು ಕೂತಿದೆ, ಹಗಲೂ ರಾತ್ರಿ ಗುರ್ ಎನ್ನುತ್ತಾ ನೀರನ್ನು ಮೇಲಕ್ಕೆ ಹಾಕುತ್ತಿರುತ್ತದೆ. ಕರೆಂಟು ಹೋದರೆ ಅರ್ಧ ಗಂಟೆಯಲ್ಲಿ ನಮ್ಮ ಚಪ್ಪಲಿ ತೇಲುತ್ತವೆ. ಕಾರ್ನಿಯಾದ ಕಥೆಯೂ ಇದೇ ಎಂದರು. ಕಣ್ಣಿನ ಒಳಗಿನ ನೀರು ಸದಾ ಅದರೊಳಗೆ ಜಿನುಗುತ್ತಿರುತ್ತದಂತೆ. ಹಿಂಬದಿಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳಿವೆ. ಪ್ರತಿಯೊಂದರ ಪೊರೆಯಲ್ಲೂ ಕಣ್ಣಿಗೆ ಕಾಣದ ಸಾವಿರಾರು ಪಂಪುಗಳು. ಆದರೆ ಅವು ನೀರನ್ನು ಎತ್ತುವುದಿಲ್ಲ, ಉಪ್ಪನ್ನು ಎತ್ತುತ್ತವೆ. ಪೊರೆಯ ಈಚೆಯಿಂದ ಆಚೆಗೆ ಉಪ್ಪಿನ ಕಣಗಳನ್ನು ದಾಟಿಸುತ್ತಲೇ ಇರುತ್ತವೆ. ಉಪ್ಪು ಹೋದ ಕಡೆ ನೀರು ತಾನಾಗಿ ಹೋಗುತ್ತದೆ, ಯಾರೂ ಕರೆಯಬೇಕಿಲ್ಲ. ಹಾಗೆ ನೀರು ಹೊರಟುಹೋಗುವುದರಿಂದಲೇ ಕಾರ್ನಿಯಾ ತಿಳಿಯಾಗಿರುವುದು.

ನಿಮ್ಮಕ್ಕನ ಕಣ್ಣಲ್ಲಿ ಆ ಜೀವಕೋಶಗಳು ಆಪರೇಷನ್ನಿನಲ್ಲಿ ಮುಕ್ಕಾಲು ಪಾಲು ಸತ್ತಿರಬೇಕು ಎಂದರು. ರಾತ್ರಿ ಕಣ್ಣು ಮುಚ್ಚಿರುತ್ತದೆ, ನೀರು ತುಂಬಿಕೊಳ್ಳುತ್ತದೆ, ಬೆಳಿಗ್ಗೆ ಮಂಜು. ಹಗಲಲ್ಲಿ ಗಾಳಿಗೆ ಒಂದಿಷ್ಟು ಆರುತ್ತದೆ. ಆ ಹನಿಯಲ್ಲಿ ಉಪ್ಪು ಹೆಚ್ಚಿದೆ, ಹೊರಗೆ ನಿಂತು ನೀರನ್ನು ಎಳೆದುಕೊಳ್ಳುತ್ತದೆ. ಪಂಪು ಸತ್ತ ಮನೆಯಲ್ಲಿ ಬಟ್ಟೆ ಹಾಕಿ ಒರೆಸಿದ ಹಾಗೆ, ಅಷ್ಟೆ. ಸತ್ತ ಜೀವಕೋಶ ಮತ್ತೆ ಹುಟ್ಟುವುದಿಲ್ಲ, ಬೇರೆ ಕಾರ್ನಿಯಾ ಹಾಕುವುದೊಂದೇ ದಾರಿ. ತಪಾಸಣೆಯಾಗಿ ಅಕ್ಕನ ಹೆಸರು ಕಾಯುವವರ ಪಟ್ಟಿ ಸೇರಿತು. ಒಂದೂವರೆ ವರ್ಷದಲ್ಲಿ ಎರಡನೆಯ ಸ್ಥಾನಕ್ಕೆ ಬಂತು. ಮೊದಲನೆಯವರು ಒಬ್ಬ ನಿವೃತ್ತ ಟೈಪಿಸ್ಟು.

ಆ ದಿನ ಬೇರೆ ಊರಿನಿಂದ ಬಸ್ಸಿನಲ್ಲಿ ಎರಡು ಕಾರ್ನಿಯಾ ಬರುವುದಿತ್ತು. ಒಬ್ಬರದೇ ಎರಡು ಕಣ್ಣು. ಟೈಪಿಸ್ಟರನ್ನೂ ಅಕ್ಕನನ್ನೂ ಬೆಳಿಗ್ಗೆಯೇ ಕರೆಸಿ ಮೇಲಿನ ವಾರ್ಡಿನಲ್ಲಿ ಕೂರಿಸಿದ್ದರು. ಹತ್ತಕ್ಕೆ ಬರಬೇಕಾದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಮಧ್ಯಾಹ್ನ ಒಂದು ಗಂಟೆಯಾದರೂ ಪತ್ತೆಯಿಲ್ಲ. ಸುಡು ಬಿಸಿಲು. ಬಸ್ ನಿಲ್ದಾಣದಲ್ಲಿ ನಾನು ಕಾಲು ಸುಟ್ಟ ಬೆಕ್ಕಿನಂತೆ ಅತ್ತಿಂದಿತ್ತ ತಿರುಗಿದೆ. ಕೊನೆಗೆ ಒಂದೂವರೆಗೆ ಬಸ್ಸು ಬಂದು, ಪೆಟ್ಟಿಗೆ ತೆರೆದು ನೋಡಿದರೆ ಒಳಗಿನ ಐಸು ಮುಕ್ಕಾಲು ಕರಗಿ ನೀರಾಗಿತ್ತು.

 ಇವುಗಳಲ್ಲಿ ಒಂದು ನಮ್ಮಕ್ಕನ ಕಣ್ಣು. ಸುತ್ತ ನೋಡಿದೆ, ಎದುರಿಗೆ ಐಸ್ ಕ್ಯಾಂಡಿ ಗಾಡಿ. ಓಡಿಹೋಗಿ ಅವನ ತೊಟ್ಟಿಯ ಐಸು ಕೇಳಿದೆ. ನಮ್ಮ ಐಸು ಅಂತಿಂಥದ್ದಲ್ಲ ಸಾರ್, ಮಾಮೂಲಿ ಐಸಿಗಿಂತ ಮೂರು ಪಟ್ಟು ತಣ್ಣಗಿರುತ್ತೆ ಎಂದ. ನನಗೆ ಬೇಕಾದದ್ದೂ ಅದೇ. ಸೀಸೆಗಳಿಗೆ ಸುತ್ತಿದ್ದ ಒದ್ದೆ ಬಟ್ಟೆ ಕಿತ್ತು ಬಿಸಾಡಿ, ಐಸನ್ನು ಒತ್ತಿ ಒತ್ತಿ ತುಂಬಿ, ಸೀಸೆಗಳನ್ನು ಅದರೊಳಗೆ ಹೂತು, ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತಾ ಬಂದೆ. ಇಷ್ಟು ಚೆನ್ನಾಗಿ ಯಾವತ್ತೂ ಕೆಲಸ ಮಾಡಿಲ್ಲ ಎಂದುಕೊಂಡೆ.

ತಡೀರಮ್ಮ ಮುಚ್ಚಳ ತೆರೆದು ಥರ್ಮಾಮೀಟರ್ ಇಟ್ಟರು. ನೋಡಿದರು. ಒರೆಸಿ ಮತ್ತೆ ಇಟ್ಟರು. ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಒಂದು ಸೀಸೆ ನಡುವಿನಲ್ಲಿ ಹೇಗೋ ಬಚಾವಾಗಿತ್ತು. ಇನ್ನೊಂದು ಐಸಿಗೆ ಒರಗಿ ಮಲಗಿತ್ತು, ಅದರ ಗುಲಾಬಿ ದ್ರಾವಣ ಒಂದು ಪಕ್ಕದಲ್ಲಿ ಕೆನೆಗಟ್ಟಿದಂತೆ ಹರಳಾಗಿತ್ತು. ಅವರು ಪೆಟ್ಟಿಗೆಯ ತಳದಿಂದ ಒಂದು ಬಿಳಿ ಹರಳನ್ನು ಬೆರಳ ತುದಿಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಕಲ್ಲುಪ್ಪು. ಕ್ಯಾಂಡಿ ಮಾಡುವವರು ಐಸಿಗೆ ಉಪ್ಪು ಬೆರೆಸುತ್ತಾರೆ, ಹಾಗೆ ಬೆರೆಸಿದ ಐಸು ನೀರು ಹೆಪ್ಪುಗಟ್ಟುವುದಕ್ಕಿಂತಲೂ ಕೆಳಗೆ ಹೋಗುತ್ತದೆ, ಅಷ್ಟು ಚಳಿಗೆ ಜೀವಕೋಶದ ಪೊರೆ ಹರಿದುಹೋಗುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಆಗ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

ದೊಡ್ಡ ಡಾಕ್ಟರು ಇಳಿದು ಬಂದರು. ಎರಡು ಸೀಸೆಗಳನ್ನೂ ಎತ್ತಿ ದೀಪಕ್ಕೆ ಹಿಡಿದರು. ಎರಡೂ ಹಾಲು ಬೆರೆಸಿದಂತೆ ಮಸುಕು. ಎರಡೂ ಹೋಯಿತು, ಪೇಷಂಟ್‌ಗಳನ್ನು ಮನೆಗೆ ಕಳಿಸಿ ಎಂದು ತಿರುಗಿದರು. 

“ತಡೀರಿ ಸರ್,” ಎಂದರು ತಡೀರಮ್ಮ.

ಚಳಿಗೆ ಪಂಪು ನಿಂತಿದೆ, ನಿಂತದ್ದೆಲ್ಲ ಸತ್ತದ್ದಲ್ಲ ಎಂದರು. ಬೆಚ್ಚಗಾದರೆ ಎಷ್ಟು ಎಚ್ಚರಗೊಳ್ಳುತ್ತವೋ ನೋಡೋಣ, ನೋಡದೆ ನಾನು ಬರೆದುಕೊಡುವುದಿಲ್ಲ ಎಂದರು. ಡಾಕ್ಟರು ಗಡಿಯಾರ ನೋಡಿ, ಐದು ಗಂಟೆಯವರೆಗೆ ಅಷ್ಟೇ ಎಂದು ಮೆಟ್ಟಿಲು ಹತ್ತಿದರು. ಆಗ ಎರಡು ಗಂಟೆ ಹತ್ತು ನಿಮಿಷ.

ತಡೀರಮ್ಮ ಎರಡೂ ಸೀಸೆಗಳನ್ನು ಮೇಜಿನ ಮೇಲಿಟ್ಟು, ಹಿಂದೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ನಿಲ್ಲಿಸಿದರು. ಕಾರ್ನಿಯಾದ ಮೂಲಕ ಹಿಂದಿನ ಅಂಕಿ ಓದಲು ಬರುತ್ತದೆಯೇ ಎಂದು ನೋಡುವುದು ಅವರ ಸ್ವಂತ ಉಪಾಯ. ಆಮೇಲೆ ಕೈಕಟ್ಟಿ ಕೂತುಬಿಟ್ಟರು. ಕಾಯಿಸುವುದಿಲ್ಲ, ಕುಲುಕುವುದಿಲ್ಲ, ಕೋಣೆಯ ಬಿಸಿಗೆ ತಾನಾಗಿ ಆಗಬೇಕು. ನಾನು ಬಾಗಿಲಿಂದ ಪಂಪಿನವರೆಗೆ, ಪಂಪಿನಿಂದ ಬಾಗಿಲವರೆಗೆ ನಡೆದೆ. ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡಿದೆ. ಮೂರು ಗಂಟೆಗೆ ಏನೂ ಇಲ್ಲ. ಮೂರೂವರೆಗೂ ಅದೇ ಮಂಜು. ಅವರು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಮೇಲಿತ್ತು.

ನಾಲ್ಕಕ್ಕೆ ಮೊದಲ ಸೀಸೆಯ ಹಿಂದೆ ಒಂದು ಕಪ್ಪು ಗೆರೆ ಕಂಡಂತಾಯಿತು. ಹತ್ತು ನಿಮಿಷಕ್ಕೆ ಅದು ಏಳೋ ಒಂದೋ ಎನ್ನುವಂತಿತ್ತು. ನಾಲ್ಕೂವರೆಗೆ ನಾನೇ ಓದಿದೆ, ಹದಿನೇಳು. ಎದುರಿಗೆ ಕೂತು ನೋಡಿದ್ದೇನೆ, ಯಾರೂ ಮುಟ್ಟಲಿಲ್ಲ. ಒಂದು ಸಾಲು ಜೀವಕೋಶ ನಿದ್ದೆಯಿಂದೆದ್ದು, ಉಪ್ಪು ಹೊತ್ತು ಹಾಕಿ, ನೀರನ್ನು ಹೊರಗೆ ಕಳಿಸಿ, ಮನೆ ತಿಳಿ ಮಾಡಿಕೊಂಡವು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅದನ್ನು ಯಂತ್ರಕ್ಕಿಟ್ಟು ಎಣಿಸಿದರು. ಒಂದು ಚದರ ಮಿಲಿಮೀಟರಿನಲ್ಲಿ ಎರಡು ಸಾವಿರದ ಆರುನೂರ ಹತ್ತು. ಎರಡು ಸಾವಿರಕ್ಕಿಂತ ಹೆಚ್ಚಿದ್ದರೆ ಮಾತ್ರ ದೃಷ್ಟಿಗಾಗಿ ಕೊಡಬಹುದು ಎಂಬುದು ನಮ್ಮಲ್ಲಿನ ನಿಯಮ. ಟೈಪಿಸ್ಟರಿಗೆ ಆಯಿತು.

ಎರಡನೆಯದೂ ಎಚ್ಚರಗೊಳ್ಳುತ್ತಿತ್ತು. ನಡುಭಾಗ ತಿಳಿಯಾಗಿ, ಐಸಿಗೆ ಒರಗಿದ್ದ ಅಂಚು ಮಾತ್ರ ಬೆಳ್ಳಗೆ ಉಳಿಯಿತು. ಐದಕ್ಕೆ ಐದು ನಿಮಿಷ ಇರುವಾಗ ಅದರ ಹಿಂದಿನ ಅಂಕಿಯನ್ನೂ ನಾನು ಓದಿದೆ. ಅಕ್ಕನ ಕಣ್ಣು ಬಂತು ಎಂದುಕೊಂಡೆ. ತಡೀರಮ್ಮ ಯಂತ್ರದ ಮುಂದೆ ಕೂತು ಎಣಿಸಿದರು. ಮತ್ತೊಂದು ಜಾಗ ನೋಡಿ ಎಣಿಸಿದರು. ಮೂರನೆಯ ಸಲವೂ ಎಣಿಸಿದರು. ಆಮೇಲೆ ಪೆನ್ನಿನ ಕ್ಯಾಪು ತೆಗೆದು ಬರೆದದ್ದು, ಸಾವಿರದ ಎಂಟುನೂರ ಎಂಬತ್ತು.

ನಾನು ಅವರ ಕೈ ಹಿಡಿಯುವುದೊಂದು ಬಾಕಿ. ಬರೀ ನೂರಿಪ್ಪತ್ತು ಕಡಿಮೆ, ಯಾರು ನೋಡುತ್ತಾರೆ, ಡಾಕ್ಟರು ನಿಮ್ಮ ಸಹಿ ನೋಡುತ್ತಾರೆಯೇ ಹೊರತು ಎಣಿಸುವುದಿಲ್ಲ ಎಂದೆ. ಒಂದೂವರೆ ವರ್ಷ ಕಾದವಳು ಎಂದೆ. ನನ್ನ ತಪ್ಪಿಗೆ ಅವಳಿಗೇಕೆ ಶಿಕ್ಷೆ ಎಂದೆ. ಅವರು ಅಂಕಿಯ ಕೆಳಗೆ ಗೆರೆ ಎಳೆದರು. ನನಗೆ ತಲೆಕೆಟ್ಟಿತು.

“ನಿಮ್ಮ ಸ್ವಂತ ಅಕ್ಕ ಆಗಿದ್ರೆ ಹೀಗೇ ಬರೀತಿದ್ರಾ?”

“ನನ್ನ ಅಕ್ಕ ಆಗಿದ್ರೂ ಎಣಿಸಿದ್ರೆ ಇಷ್ಟೇ ಬರುತ್ತೆ,” ಎಂದರು. ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಹೊಲಿಗೆ ಹಾಕುವಾಗ ಒಂದಿಷ್ಟು ಸಾಯ್ತವೆ. ಆಮೇಲೆ ವರ್ಷ ವರ್ಷ ಇನ್ನೊಂದಿಷ್ಟು. ಹೊಸದು ಹುಟ್ಟಲ್ಲ. ಎರಡು ವರ್ಷ ಕಂಡು ಮತ್ತೆ ಮಂಜು ಬಂದ್ರೆ, ಅವಾಗ ಆ ಕಣ್ಣಿಗೆ ಇನ್ನೊಂದು ಹಾಕೋದು ಈಗಿನಷ್ಟು ಸುಲಭ ಇರಲ್ಲ. ಅವರಿಗಿರೋದು ಒಂದೇ ಕಣ್ಣು.”

ನಾನು ಬಾಯಿಗೆ ಬಂದದ್ದು ಅಂದೆ. ಕಲ್ಲು ಹೃದಯ ಅಂದೆ, ನೆಲ ಒರೆಸುತ್ತಿದ್ದವರಿಗೆ ಕುರ್ಚಿ ಕೊಟ್ಟರೆ ಹೀಗೇ ಆಗುವುದು ಅಂದೆ. ಆ ಮಾತು ನೆನೆದರೆ ಈಗಲೂ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅವರು ಎರಡನೆಯ ಸೀಸೆಯ ಮೇಲೆ ಬೇರೆ ಚೀಟಿ ಅಂಟಿಸಿದರು. ಅದು ವ್ಯರ್ಥವಾಗಲಿಲ್ಲ. ಹುಣ್ಣಾಗಿ ಕಣ್ಣು ಒಡೆದುಹೋಗುವಂತಿದ್ದ ಇನ್ನೊಬ್ಬರಿಗೆ ಮಾರನೆಯ ದಿನ ತೇಪೆಯಾಗಿ ಹಾಕಿದರು. ಅಲ್ಲಿ ಪಂಪು ಬೇಕಿರಲಿಲ್ಲ, ತೂತು ಮುಚ್ಚಿದರೆ ಸಾಕಿತ್ತು.

ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗುವಾಗ ಮೊದಲು ಸುಳ್ಳು ಹೇಳಿದೆ, ಕಾರ್ನಿಯಾವೇ ಸರಿ ಇರಲಿಲ್ಲ ಎಂದೆ. ಎರಡು ತಿರುವು ದಾಟುವಷ್ಟರಲ್ಲಿ ತಡೆಯಲಾಗಲಿಲ್ಲ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಐಸು, ಉಪ್ಪು, ನೂರಿಪ್ಪತ್ತು ಎಲ್ಲವನ್ನೂ ಹೇಳಿದೆ. ತಡೀರಮ್ಮನಿಗೆ ಮನಸಾರೆ ಬೈದೆ.  ಅಕ್ಕನ ಕೈ ಸೆರಗಿನ ತುದಿಯನ್ನು ಮಡಿಸುತ್ತಿತ್ತು, ಬಿಚ್ಚುತ್ತಿತ್ತು. ಆಸೆ ಇಟ್ಟುಕೊಂಡು ಬಂದಿದ್ದಳು, ಹೊಸ ಸೀರೆ ಉಟ್ಟಿದ್ದಳು.

“ಕಾಜಾ ಸಡಿಲ ಆಗಿದ್ರೆ ಅಂಗಡಿಯವನಿಗೆ ಗೊತ್ತಾಗಲ್ಲ ಕಣೋ,” ಎಂದಳು ಕೊನೆಗೆ. “ತೊಟ್ಟುಕೊಂಡವನಿಗೆ ಮೂರನೇ ಒಗೆತಕ್ಕೆ ಗೊತ್ತಾಗುತ್ತೆ. ಆಯಮ್ಮ ಬಿಚ್ಚಿಹಾಕಿದ್ದು ಒಳ್ಳೇದೇ ಆಯ್ತು. ನಾಳೆ ಹೋಗಿ ಕ್ಷಮೆ ಕೇಳು.”

ಕೇಳಲಿಲ್ಲ. ಮೂರು ವಾರ ಮುಖ ಗಂಟು ಹಾಕಿಕೊಂಡು ಗಾಡಿ ಓಡಿಸಿದೆ. ಅವರು ಎಂದಿನಂತೆ ಪಕ್ಕದಲ್ಲಿ ಕೂತರು, ಎಂದಿನಂತೆ ತಡೀರಿ ಅಂದರು. ಒಂದು ದಿನ ತಪಾಸಣೆಗೆಂದು ಯಾರೋ ಬಂದಾಗ ರಿಜಿಸ್ಟರ್ ತರಲು ನನ್ನನ್ನು ಕಳಿಸಿದರು. ತರುವಾಗ ಆ ಐಸಿನ ದಿನದ ಪುಟ ತೆರೆದು ನೋಡಿದೆ, ನನ್ನ ಹೆಸರು ಹೇಗೆ ಬರೆದಿದ್ದಾರೋ ಎಂಬ ಭಯ. ಕಾರಣ ಎಂಬಲ್ಲಿ ಹೀಗಿತ್ತು: ದಾರಿಯಲ್ಲಿ ಉಪ್ಪು ಬೆರೆತ ಐಸು ಹಾಕಲಾಗಿದೆ. ಹಾಗೆ ಹಾಕಬಾರದೆಂದು ಡ್ರೈವರಿಗೆ ನಾನು ಯಾವತ್ತೂ ತಿಳಿಸಿರಲಿಲ್ಲ. ಹೊಣೆ ನನ್ನದು. ಕೆಳಗೆ ಅವರ ಸಹಿ.

ಅದು ಸುಳ್ಳೇನಲ್ಲ, ನಿಜವಾಗಿಯೂ ತಿಳಿಸಿರಲಿಲ್ಲ. ಆದರೆ ಅಷ್ಟನ್ನು ಬರೆಯಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಬಟ್ಟೆ ಕಿತ್ತು ಬಿಸಾಡಿದವನು ನಾನು, ಹಾಗೆ ಮಾಡಬಾರದೆಂದು ಗೊತ್ತಿದ್ದೂ. ನನಗಾಗಿ ಒಂದು ಅಂಕಿ ತಿದ್ದದವರು, ನನ್ನ ಕೆಲಸ ಹೋಗದಿರಲೆಂದು ತಮ್ಮ ಮೇಲೆ ಹಾಕಿಕೊಂಡಿದ್ದರು. ರಿಜಿಸ್ಟರ್ ಕೊಟ್ಟು, ಅಮ್ಮಾ, ಅವತ್ತು ಅಂದದ್ದು ತಪ್ಪಾಯ್ತು ಎಂದೆ. ಅವರು ಪುಟ ತಿರುವುತ್ತಲೇ, ಗಾಡಿಗೆ ಹೊಸ ಪೆಟ್ಟಿಗೆ ಬಂದಿದೆ, ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ, ಓದಿಕೊಳ್ಳಿ ಎಂದರು. ಐಸಿನಲ್ಲಿ ಉಪ್ಪಿಲ್ಲವೆಂದು ನೋಡಿಕೊಳ್ಳಿ, ಸೀಸೆಗೆ ಬಟ್ಟೆ ಸುತ್ತಿ, ಗಾಬರಿಯಾದರೆ ನನಗೆ ಫೋನ್ ಮಾಡಿ ಎಂದಿತ್ತು. ಆ ಚೀಟಿ ಈಗ ಹಳದಿಯಾಗಿದೆ, ಕಿತ್ತಿಲ್ಲ.

ಐದು ತಿಂಗಳ ಮೇಲೆ ಮತ್ತೆ ಅಕ್ಕನ ಸರದಿ ಬಂತು. ಎರಡು ಬೀದಿ ಆಚೆಯ ಒಂದು ಮನೆಯಿಂದ ಫೋನ್. ತೀರಿಕೊಂಡವರು ಒಬ್ಬ ಹೆಂಗಸು. ತಡೀರಮ್ಮ ಎಂದಿನ ಪ್ರಶ್ನೆ ಕೇಳಿದರು. ಗಂಡ ಬಹಳ ಯೋಚಿಸಿ, ಕಿಟಕಿಯಲ್ಲಿ ನಿಂತು ಬೀದಿಯಲ್ಲಿ ಯಾರ್ಯಾರು ಹೋಗ್ತಾರೆ ಅಂತ ನೋಡೋದು, ಇನ್ನೇನಿಲ್ಲ ಎಂದರು. ಆ ದಿನ ನಾನು ಗಾಡಿಯಲ್ಲಿ ಕೂರಲಿಲ್ಲ, ಒಳಗೆ ಬಂದು ಗೋಡೆಗೆ ಒರಗಿ ನಿಂತಿದ್ದೆ.

ಮಾರನೆಯ ದಿನ ಸೀಸೆ ಮೇಜಿನ ಮೇಲಿತ್ತು, ಬೆಚ್ಚಗಾಗುತ್ತಿತ್ತು, ಹಿಂದೆ ಕ್ಯಾಲೆಂಡರ್ ಹಾಳೆ. ತಡೀರಮ್ಮ ಯಾವುದೋ ಕಾಗದಕ್ಕೆ ಮೇಲೆ ಹೋಗಿದ್ದರು, ನನ್ನನ್ನು ಕಾವಲಿಗೆ ಕೂರಿಸಿ. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಗಡಿಯಾರ ನೋಡಿಕೊಂಡು ಸೀಸೆಗೆ ಕೈ ಹಾಕಿದರು.

“ತಡೀರಿ ಸರ್,” ಎಂದೆ.

ಬಾಯಿಂದ ಬಂದ ಮೇಲೆ ನನಗೇ ಗಾಬರಿ. ಡಾಕ್ಟರ ಕೈ ಅಲ್ಲೇ ನಿಂತಿತು. ಇನ್ನೂ ನಲವತ್ತು ನಿಮಿಷ ಬೇಕು ಸರ್, ಪಂಪು ಎಚ್ಚರ ಆಗಿಲ್ಲ ಎಂದೆ ಮೆಲ್ಲಗೆ. ಬಾಗಿಲಲ್ಲಿ ಯಾರೋ ನಕ್ಕ ಸದ್ದು. ತಿರುಗಿದರೆ ತಡೀರಮ್ಮ, ಕಾಗದದಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅವರು ಹಾಗೆ ನಗುವುದನ್ನು ಐದು ವರ್ಷದಲ್ಲಿ ನಾನು ನೋಡಿರಲಿಲ್ಲ. ಆ ದಿನದ ಎಣಿಕೆ ಎರಡು ಸಾವಿರದ ಏಳುನೂರ ನಲವತ್ತು.

ಆಪರೇಷನ್ ಆಗಿ, ಹೊಲಿಗೆ ಕೂತು, ಹೊಸ ಕನ್ನಡಕ ಬರುವ ಹೊತ್ತಿಗೆ ಏಳೆಂಟು ತಿಂಗಳಾಯಿತು. ಕನ್ನಡಕ ಬಂದ ಮಾರನೆಯ ದಿನ ಅಕ್ಕ ಹಟ ಹಿಡಿದಳು, ತಡೀರಮ್ಮನನ್ನು ನೋಡಬೇಕು, ಅದೂ ಬೆಳಿಗ್ಗೆಯೇ ನೋಡಬೇಕು. ಅಷ್ಟು ದಿನ ಅವಳಿಗೆ ಅವರ ದನಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಎಂಟು ಗಂಟೆಗೆ ಮುಂಚೆಯೇ ಕರೆದುಕೊಂಡು ಹೋದೆ. ನೆಲಮಾಳಿಗೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿದಳು.

ಹಿಂದಿನ ರಾತ್ರಿ ಕರೆಂಟು ಹೋಗಿ ಪಂಪು ನಿಂತಿತ್ತು. ತಡೀರಮ್ಮ ಬಿಳಿ ಕೋಟು ಮೇಲೆತ್ತಿ ಸಿಕ್ಕಿಸಿಕೊಂಡು ತಾವೇ ನೆಲದ ನೀರು ಬಳಿಯುತ್ತಿದ್ದರು. ನಮ್ಮನ್ನು ನೋಡಿ ಅವರಿಗೆ ಸಂಕೋಚವಾಯಿತು. ಚೆನ್ನಾಗಿದ್ದೀರಾ, ಹನಿ ತಪ್ಪದೆ ಹಾಕಿಕೊಳ್ಳಿ, ನನಗೆ ಸ್ವಲ್ಪ ಕೆಲಸ ಇದೆ ಎನ್ನುತ್ತಾ ಒಳಗೆ ಹೊರಟರು.

“ತಡೀರಿ,” ಎಂದಳು ನಮ್ಮಕ್ಕ.

ಅವರು ನಿಂತರು. ಆ ಮಾತನ್ನು ಅವರಿಗೆ ಯಾರಾದರೂ ಹೇಳಿದ್ದು ಅದೇ ಮೊದಲಿರಬೇಕು, ಏನು ಮಾಡಬೇಕೆಂದು ತಿಳಿಯದವರಂತೆ ನಿಂತರು. ಅಕ್ಕ ಹತ್ತಿರ ಹೋಗಿ ಅವರ ಮುಖವನ್ನು ನೋಡಿದಳು. ಹಣೆ, ನರೆತ ಹುಬ್ಬು, ಗಲ್ಲದ ಮೇಲಿನ ಮಚ್ಚೆ, ಎಲ್ಲವನ್ನೂ ನಿಧಾನವಾಗಿ ನೋಡಿದಳು. ಏನೋ ದೊಡ್ಡ ಮಾತು ಹೇಳುತ್ತಾಳೆ ಎಂದು ನಾನು ಕಾದೆ. ಅವಳು ಹೇಳಿದ್ದು, ನಿಮ್ಮ ಕೋಟಿನ ಎರಡನೇ ಗುಂಡಿ ಬಿದ್ದುಹೋಗೋ ಹಾಗಿದೆ ಎಂದು.

ಕೈಚೀಲದಿಂದ ಸೂಜಿ ತೆಗೆದಳು, ಬಿಳಿ ದಾರ ತೆಗೆದಳು. ನಾನು ಪೋಣಿಸಿಕೊಡಲು ಕೈ ಚಾಚಿದೆ, ಅವಳು ಕೊಡಲಿಲ್ಲ. ಮೊದಲ ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ದಾರದ ತುದಿಯನ್ನು ತುಟಿಗೆ ಒದ್ದೆ ಮಾಡಿಕೊಂಡು, ಬಲ್ಬಿನ ಕೆಳಗೆ ಸರಿದು, ಮೂರನೆಯ ಸಲ ಪೋಣಿಸಿದಳು. ಬೆಳಗಿನ ಎಂಟು ಗಂಟೆ. ಗುಂಡಿ ಹೊಲಿದು ಮುಗಿಯುವವರೆಗೆ ತಡೀರಮ್ಮ ಒದ್ದೆ ನೆಲದ ಮೇಲೆ ಅಲುಗಾಡದೆ ನಿಂತಿದ್ದರು, ಕಣ್ಣೊರೆಸಿಕೊಳ್ಳಲು ಕೂಡ ಕೈ ಎತ್ತಲಿಲ್ಲ. ನಾನೂ ನಿಂತಿದ್ದೆ, ಗಡಿಯಾರ ನೋಡಲಿಲ್ಲ.